ಟಿಪ್ಪು ಹುಲಿ, ಕಂಪನಿ ಸಿಂಹ: ಸಾಮ್ರಾಜ್ಯನ ಸಾಮಾನುಗಳಲ್ಲಿ ಓದೋದು ಹೇಗೆ

ಸಾಮ್ರಾಜ್ಯ ಅಂದ ತಕ್ಷಣ ನಮ್ಗೆ ನೆನಪಾಗೋದು ಸ್ಕೂಲ್ ಬುಕ್ಕಿನ ಮ್ಯಾಪು, ಯುದ್ಧದ ಇಸವಿ, ಒಪ್ಪಂದದ ಹೆಸರು, ಅಷ್ಟೇ. ಆದ್ರೆ ಆಗಿನ ಕಾಲದ ಮಾಮೂಲಿ ಜನ ಅದನ್ನ ನೋಡ್ತಿದ್ದಿದ್ದು ಪದಕದಲ್ಲಿ, ಗೋಡೆ ಚಿತ್ರದಲ್ಲಿ, ಮನೇಲಿಟ್ಟ ಪಿಂಗಾಣಿ ಬೊಂಬೆಯಲ್ಲಿ, ವಾರವಾರ ಬರೋ ಧಾರಾವಾಹಿ ಕಾದಂಬರಿಯಲ್ಲಿ. ಈ ಸಾಮಾನುಗಳನ್ನ ಹೇಗೆ ಓದೋದು ಅಂತ ಒಂದು ಉದಾಹರಣೆ ಹಿಡ್ಕೊಂಡು ಹೇಳ್ತೀನಿ. ಉದಾಹರಣೆ ನಮ್ದೇ, 1799ರ ಮೇ 4ಕ್ಕೆ ಈಸ್ಟ್ ಇಂಡಿಯಾ ಕಂಪನಿ ಕೈಗೆ ಬಿದ್ದ ಟಿಪ್ಪು ರಾಜಧಾನಿ ಶ್ರೀರಂಗಪಟ್ಟಣ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳನ ಸದ್ಯಕ್ಕೆ ಪಕ್ಕಕ್ಕಿಡಿ, ಅದು ತಲೇಲಿ ಕೂತಿದ್ರೆ ಕಣ್ಣಿಗೆ ಬೇರೇನೂ ಕಾಣಲ್ಲ.

ಮೊದಲು ನೋಡ್ಬೇಕಾಗಿದ್ದು, ಯಾರು ಮೇಲಿದಾರೆ ಯಾರು ಕೆಳಗಿದಾರೆ ಅಂತ. ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿದೆ, ಫೋಟೋ ನೀವು ನೋಡೇ ಇರ್ತೀರಾ, ಸುಮಾರು ಆರಡಿ ಉದ್ದದ ಹುಲಿ ಒಬ್ಬ ಬಿಳಿಯನ ಮೇಲೆ ಹತ್ತಿ ಕುತ್ತಿಗೆಗೆ ಬಾಯಿ ಹಾಕಿದೆ, ಹಿಡಿ ತಿರುಗಿಸಿದ್ರೆ ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತೆ, ಅವನು ನರಳ್ತಾನೆ, ಹುಲಿ ಗುರ್ ಅನ್ನುತ್ತೆ, ಸಾಲದು ಅಂತ ಹೊಟ್ಟೆ ಒಳಗೊಂದು ಪುಟ್ಟ ಪೈಪ್ ಆರ್ಗನ್ ಬೇರೆ. ಟಿಪ್ಪುಗೆ ಹುಲಿ ಅಂದ್ರೆ ಸುಮ್ನೆ ಇಷ್ಟದ ಪ್ರಾಣಿ ಅಲ್ಲ, ಅದು ಅವನ ಸರ್ಕಾರದ ಮುದ್ರೆ ಇದ್ದಂಗೆ, ಸೈನಿಕರ ಅಂಗಿ ಮೇಲೂ ಹುಲಿಪಟ್ಟೆ, ಸಿಂಹಾಸನಕ್ಕೂ ಹುಲಿತಲೆ, ತೋಪಿನ ಬಾಯಿಗೂ ಹುಲಿ. ಸರಿ, ಇದನ್ನ ಕಣ್ಣಲ್ಲಿ ಇಟ್ಕೊಂಡು ಈಗ ಕಂಪನಿಯವ್ರು ಗೆದ್ದ ಮೇಲೆ ಬರ್ಮಿಂಗ್‌ಹ್ಯಾಮ್‌ನ ಸೋಹೋ ಮಿಂಟ್‌ನಲ್ಲಿ ಮಾಡಿಸಿದ ಪದಕ ನೋಡಿ, ನೆಟ್ಟಲ್ಲಿ ‘ಸೆರಿಂಗಪಟಂ ಮೆಡಲ್’ ಅಂತ ಹುಡುಕಿದ್ರೆ ಸಿಗುತ್ತೆ. ಒಂದು ಸಿಂಹ ಹುಲಿನ ಕೆಡವಿ ಮೆಟ್ಟಿಕೊಂಡಿದೆ. ಝೂಮ್ ಮಾಡಿದ್ರೆ ಮೇಲೆ ಹಾರಾಡೋ ಬಾವುಟದಲ್ಲಿ ಅರೇಬಿಕ್ ಅಕ್ಷರ ಕಾಣುತ್ತೆ, ದೇವರ ಸಿಂಹಕ್ಕೇ ಗೆಲುವು ಅನ್ನೋ ಅರ್ಥದ ಸಾಲು. ಅದು ಟಿಪ್ಪುವಿನದೇ ಸಾಲು ಕಣ್ರಿ, ಅವನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸ್ತಿದ್ದಿದ್ದು. ಗೆದ್ದವ್ರು ಅದನ್ನ ಅಳಿಸೋಕೆ ಹೋಗ್ಲಿಲ್ಲ, ಎತ್ಕೊಂಡು ತಮ್ಮ ಸಿಂಹದ ತಲೆ ಮೇಲೆ ಬರ್ಕೊಂಡ್ರು. ಸೋತವನ ಗುರುತು ಗೆದ್ದವನ ಕೈಲಿ ಏನಾಯ್ತು ಅಂತ ಪ್ರತಿ ಸಾಮಾನಲ್ಲೂ ಹುಡುಕಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ಅಂದಹಾಗೆ ಪದಕದ ಲೋಹನೂ ನೋಡಿ, ದೊಡ್ಡ ಆಫೀಸರಿಗೆ ಚಿನ್ನ, ಕೆಳಗಿಳೀತಾ ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಚಿತ್ರ ಎಲ್ರಿಗೂ ಒಂದೇ.

ಆಮೇಲೆ ಕೇಳ್ಬೇಕಾಗಿದ್ದು, ಇದನ್ನ ಎಲ್ಲಿ ಇಟ್ಟಿದ್ರು, ಅದ್ರ ಜೊತೆ ಜನ ಏನ್ ಮಾಡ್ತಿದ್ರು ಅಂತ. ಹುಲಿನ 1808ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಕಂಪನಿ ಆಫೀಸಲ್ಲಿ ಜನ ನೋಡೋಕೆ ಇಟ್ಟಿದ್ರು. ಬಂದವರೆಲ್ಲ ಹಿಡಿ ತಿರುಗ್ಸೋದು, ಪಕ್ಕದಲ್ಲಿ ಓದ್ತಾ ಕೂತ ಪಂಡಿತರು ಗಲಾಟೆ ಅಂತ ಗೊಣಗೋದು. ಅಂದ್ರೆ ಬಿಳಿಯನ ಸಾವು ತೋರ್ಸೋಕೆ ಮಾಡಿಸಿದ್ದು ಅವರ ಮಕ್ಕಳಿಗೇ ಆಟದ ಸಾಮಾನಾಯ್ತು, ಯಾಕಂದ್ರೆ ಇನ್ಮೇಲೆ ಭಯ ಇಲ್ವಲ್ಲ. ಟಿಪ್ಪುವಿನ ಡೇರೆ ಕಥೆ ಇನ್ನೂ ಮಜಾ. ಬಿಳೀ ಹತ್ತಿ ಬಟ್ಟೆ ಮೇಲೆ ಹೂಬಳ್ಳಿ ಅಚ್ಚು ಹಾಕಿದ ಸೊಗಸಾದ ಡೇರೆ, ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಮನೆತನದ ಪಾಲಾಗಿ ವೇಲ್ಸಿನ ಪೊವಿಸ್ ಕೋಟೆ ಸೇರ್ತು, ಅಲ್ಲಿ ಅವ್ರು ಅದನ್ನ ತೋಟದ ಪಾರ್ಟಿಗಳಿಗೆ ಶಾಮಿಯಾನ ಮಾಡ್ಕೊಂಡ್ರು. ಹಾಗೇ 1820ರ ಆಚೀಚೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕುಂಬಾರರು ‘ಮನ್ರೋ ಸಾವು’ ಅಂತ ಒಂದು ಬೊಂಬೆ ಮಾಡಿ ಮಾರ್ತಿದ್ರು, 1792ರಲ್ಲಿ ಬಂಗಾಳದ ಸಾಗರ್ ದ್ವೀಪದಲ್ಲಿ ಹುಲಿ ಬಾಯಿಗೆ ಬಿದ್ದ ಮನ್ರೋ ಅನ್ನೋ ಬ್ರಿಟಿಷ್ ಹುಡುಗನ ಕಥೆ ಅದು, ಅವನ ತಲೆ ಹುಲಿ ಬಾಯಲ್ಲಿ, ಕೆಂಪು ಕೋಟು, ಮಿರಿಮಿರಿ ಬಣ್ಣ. ಅದನ್ನ ಬೆಂಕಿಗೂಡಿನ ಮೇಲೆ ಇಟ್ಕೊಂಡು ಪಕ್ಕದಲ್ಲಿ ಟೀ ಕುಡೀತಿದ್ರು. ದೂರದ ದೇಶದ ಭಯ ಮನೆ ಅಲಂಕಾರ ಆಗೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ನನಗಂತೂ ಕಂಡಿಲ್ಲ.

ಈಗ ಸ್ವಲ್ಪ ಕಷ್ಟದ್ದು. ಗೆದ್ದವನು ತನ್ನ ಸೋಲಿನ ಚಿತ್ರನೇ ಉಳಿಸಿದ್ರೆ ಅದನ್ನ ಹೇಗೆ ಓದೋದು? ಇದಕ್ಕೆ ದರಿಯಾ ದೌಲತ್ ಬಾಗ್‌ಗೇ ಹೋಗ್ಬೇಕು, 1784ರ ಬೇಸಿಗೆ ಅರಮನೆ, ಚಿತ್ರ ಹಾಳಾಗಬಾರ್ದು ಅಂತ ಸುತ್ತ ಹಸಿರು ಪರದೆ ಕಟ್ಟಿರ್ತಾರೆ. ಬಿಸಿಲಿಂದ ಒಳಗೆ ಬಂದ ಕೂಡ್ಲೇ ಏನೂ ಕಾಣಲ್ಲ, ಎರಡು ನಿಮಿಷ ನಿಲ್ಲಿ. ಪಶ್ಚಿಮದ ಗೋಡೆಯಲ್ಲಿ 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನ ಇದೆ, ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿ ದಂಡನ್ನ ಕಂಚಿ ಹತ್ರ ಮಣ್ಣುಮುಕ್ಕಿಸಿದ್ದು. ಕೆಂಪು ಕೋಟಿನವರ ಚೌಕ ಹುಡುಕಿ. ಮಧ್ಯದಲ್ಲಿ ಮದ್ದುಗುಂಡಿನ ಬಂಡಿ ಸಿಡೀತಿದೆ, ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ ಬೆರಳು ಕಚ್ಕೊಂಡಿದಾನೆ. ಇನ್ನೊಂದು ಕಡೆ ಟಿಪ್ಪು, ಯುದ್ಧಕ್ಕಲ್ಲ ತೋಟ ಸುತ್ತೋಕೆ ಬಂದವನಂಗೆ, ಕೈಲೊಂದು ಗುಲಾಬಿ. ಈ ಚಿತ್ರನ 1799ರ ನಂತರ ಸರಿ ಮಾಡಿಸಿದ್ದು ಯಾರು ಗೊತ್ತಾ, ಇದೇ ಅರಮನೆಯಲ್ಲಿ ವಾಸ ಇದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದವನು. 1850ರ ದಶಕದಲ್ಲಿ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಮತ್ತೊಂದ್ಸಲ ಬರೆಸಿದ. ಕಲೆ ಮೇಲಿನ ಪ್ರೀತಿ ಅಂತ ಬೇಕಾದ್ರೆ ಅನ್ನಿ. ನನಗನ್ಸೋದು ಬೇರೆ, ಎದುರಾಳಿ ಎಷ್ಟು ದೊಡ್ಡವನು ಅಂತ ಗೋಡೆ ಮೇಲೆ ಇದ್ದಷ್ಟೂ ಅವನನ್ನ ಕೆಡವಿದವರ ತೂಕ ಜಾಸ್ತಿ.

ಆದ್ರೆ ಇಲ್ಲಿ ಒಂದು ಎಚ್ಚರ. ಟಿಪ್ಪು ಕಡೆ ಸಾಮಾನನ್ನೂ ಇದೇ ಕಣ್ಣಲ್ಲಿ ನೋಡಿ, ಇಲ್ಲಾಂದ್ರೆ ಮೋಸ ಆಗುತ್ತೆ. ಬಾದಶಹ ಅಂತ ಬಿರುದು ಇಟ್ಕೊಂಡು, ನಾಣ್ಯದಲ್ಲಿ ಮೊಗಲರ ಹೆಸರು ಬಿಟ್ಟು, ಎಂಟು ಮೂಲೆಯ ಚಿನ್ನದ ತಗಡಿನ ಸಿಂಹಾಸನ ಮಾಡಿಸಿದವನು ಅವನು, ಅವನ ದಂಡು ಏನು ಅಂತ ಕೊಡಗಲ್ಲಿ ಮಲಬಾರಲ್ಲಿ ಕೇಳಿದ್ರೆ ಹೇಳ್ತಾರೆ. ಎರಡು ಕಡೆಯವ್ರಿಗೂ ಪ್ರಾಣಿ, ಚಿನ್ನ, ಎತ್ತರದ ಭಾಷೆ ಚೆನ್ನಾಗಿ ಅರ್ಥ ಆಗ್ತಿತ್ತು, ಅದಕ್ಕೇ ಒಬ್ಬರದನ್ನ ಇನ್ನೊಬ್ರು ಅಷ್ಟು ಸಲೀಸಾಗಿ ಕಿತ್ಕೊಂಡಿದ್ದು.

ಕಾದಂಬರಿಗೆ ಬರೋಣ. ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’, 1868ರಲ್ಲಿ ಡಿಕನ್ಸ್ ನಡೆಸ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಅಂದ್ರೆ 1857ರ ದಂಗೆ ಆಗಿ ಹನ್ನೊಂದೇ ವರ್ಷ. ಓದಿಲ್ಲದವ್ರಿಗೆ ಕ್ಷಮೆ ಇರಲಿ, ಕೊನೆ ಹೇಳ್ಬಿಡ್ತೀನಿ. ಇಂಥ ಕಥೆ ಓದುವಾಗ ಪುಟಗಳನ್ನ ಎಣಿಸಿ, ಯಾವ ಕಳ್ಳತನಕ್ಕೆ ಎಷ್ಟು ಜಾಗ ಕೊಟ್ಟಿದಾರೆ ಅಂತ. ಶುರುವಲ್ಲಿ ಶ್ರೀರಂಗಪಟ್ಟಣದ ಆಯುಧಶಾಲೆ, ಹರ್ನ್‌ಕ್ಯಾಸಲ್ ಅನ್ನೋ ಆಫೀಸರ್ ಕಾವಲಿನವರನ್ನ ಕೊಂದು, ಕಠಾರಿ ಹಿಡಿಯಲ್ಲಿ ಕೂರ್ಸಿದ್ದ ಹಳದಿ ವಜ್ರ ಹೊಡ್ಕೋತಾನೆ, ಇದೆಲ್ಲ ಕೆಲವೇ ಪುಟ. ಅದೇ ವಜ್ರ 1848ರಲ್ಲಿ ಯಾರ್ಕ್‌ಶೈರಿನ ಒಂದು ದೊಡ್ಡ ಮನೇಲಿ ಕಾಣೆಯಾದ ಕೂಡ್ಲೇ ಡಿಟೆಕ್ಟಿವ್ ಬರ್ತಾನೆ, ನೂರಾರು ಪುಟ ಹುಡುಕಾಟ, ಮನೆಯೋರೆಲ್ಲ ಗಾಬರಿ. ಮೊದಲನೇ ಕಳ್ಳತನಕ್ಕೆ ಪೊಲೀಸೇ ಇಲ್ಲ. ಕಾಲಿನ್ಸ್‌ಗೆ ಇದು ಗೊತ್ತಿಲ್ಲದೆ ಆಗಿದ್ದಲ್ಲ, ಯಾಕಂದ್ರೆ ವಜ್ರ ಕೊನೆಗೆ ಇಂಗ್ಲೆಂಡಲ್ಲಿ ಉಳಿಯಲ್ಲ, ಅದನ್ನ ಹುಡುಕ್ಕೊಂಡು ಬಂದ ಮೂವರು ಬ್ರಾಹ್ಮಣರು ಸೋಮನಾಥದ ದೇವರ ಹಣೆಗೇ ಸೇರಿಸ್ತಾರೆ. ಅದೇ ಮೊದಲ ಪುಟಗಳಲ್ಲಿ, ಕೋಟೆ ಮೇಲಿನ ದಾಳಿ ನಡೆಸಿದ ಜನರಲ್ ಬೇರ್ಡ್, ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೆ ನೇಣು ಅಂತ ಡಂಗುರ ಹೊಡೆಸ್ತಾನೆ. ಈ ಸಾಲಿಗೆ ಗೆರೆ ಎಳೀರಿ.

ಯಾಕಂದ್ರೆ ನಿಜವಾದ ರಾಜಕೀಯ ಅಲ್ಲೇ ಇರೋದು. ಸಿಪಾಯಿ ಜೇಬಿಗೆ ಹಾಕ್ಕೊಂಡ್ರೆ ಕಳ್ಳತನ, ಯುದ್ಧದ ಲೂಟಿ ಹಂಚೋಕೆ ಪ್ರೈಜ್ ಏಜೆಂಟ್ ಅಂತ ನೇಮಕ ಆದವ್ರು ಪಟ್ಟಿ ಬರೆದು ಹಂಚಿದ್ರೆ ಅದು ಕಾನೂನು. ಸಿಂಹಾಸನನ ಇಡಿಯಾಗಿ ಇಂಗ್ಲೆಂಡಿನ ರಾಜನಿಗೆ ಕಳಿಸೋ ಆಸೆ ಗವರ್ನರ್ ಜನರಲ್‌ಗೆ ಇತ್ತು, ಆದ್ರೆ ಅಷ್ಟೊತ್ತಿಗೆ ಏಜೆಂಟ್‌ಗಳು ಅದನ್ನ ತುಂಡು ಮಾಡಿ ಮುಗಿಸಿದ್ರು. ಮೇಲಿದ್ದ ಹುಮಾ ಅನ್ನೋ ಪುರಾಣದ ಹಕ್ಕಿ ಮತ್ತು ದೊಡ್ಡ ಹುಲಿತಲೆ ಇಂಗ್ಲೆಂಡ್ ರಾಜರ ವಿಂಡ್ಸರ್ ಕೋಟೆ ಸೇರಿದ್ವು, ಕಟಕಟೆಯ ಚಿಕ್ಕ ಹುಲಿತಲೆಗಳು ಚೆಲ್ಲಾಪಿಲ್ಲಿ, ಒಂದು ಪೊವಿಸಲ್ಲಿದೆ, ಇನ್ನು ಕೆಲವು ಈಚೆಗೆ ಹರಾಜಿಗೆ ಬಂದ್ವು. ಹಾಗಾಗಿ ಮ್ಯೂಸಿಯಂ ಚೀಟಿ ಓದುವಾಗ ‘ಕಾಣಿಕೆ’, ‘ಸಂಗ್ರಹ’ ಅಂತ ಇದ್ರೆ ಅದ್ರ ಹಿಂದಿನ ಕೈ ಯಾವ್ದು, ಅದಕ್ಕೂ ಹಿಂದಿನದು ಯಾವ್ದು ಅಂತ ಹಿಂದಿಂದಕ್ಕೆ ಹೋಗಿ. 2023ರಲ್ಲಿ ಟಿಪ್ಪುವಿನ ಒಂದು ಕತ್ತಿ ಲಂಡನ್ ಹರಾಜಲ್ಲಿ 1.4 ಕೋಟಿ ಪೌಂಡ್ ದಾಟಿ ಹೋಯ್ತು, ಅದಕ್ಕೆ ಅಷ್ಟು ಬೆಲೆ ಬರೋದು ಕಬ್ಬಿಣಕ್ಕಲ್ಲ, ಈ ಕೈಗಳ ಪಟ್ಟಿಗೆ.

ಬೇರೆ ಕಡೆನೂ ಇದೇ ಪ್ರಶ್ನೆ ಹಾಕಿ ನೋಡ್ಬಹುದು. ನೆಪೋಲಿಯನ್ ಕಾಲದ ಎಂಪೈರ್ ಸ್ಟೈಲ್ ಕುರ್ಚಿ ಮೇಜುಗಳಲ್ಲಿ ಸ್ಫಿಂಕ್ಸ್, ಅಂದ್ರೆ ಸಿಂಹದ ಮೈ ಮನುಷ್ಯನ ತಲೆಯ ಈಜಿಪ್ಟ್ ಆಕೃತಿ, ಯಾಕೆ ಅಷ್ಟೊಂದು? ಅವನ ಸೈನ್ಯ ಈಜಿಪ್ಟಲ್ಲಿ 1801ಕ್ಕೆ ಸೋತು ಮನೆಗೆ ಬಂದಿತ್ತು, ನೆಲ ಉಳೀಲಿಲ್ಲ, ಕುರ್ಚಿ ಕೈಯಲ್ಲಿ ಮಾತ್ರ ಈಜಿಪ್ಟ್ ಉಳೀತು.

ಕೈ ಪಳಗಿಸೋಕೆ ಶ್ರೀರಂಗಪಟ್ಟಣದಲ್ಲೇ ಎರಡು ಲೆಕ್ಕ ಬಿಟ್ಟಿದೀನಿ. ಒಂದು ಗುಂಬಜಿನ ಬಾಗಿಲು, ಕರಿಮರದಲ್ಲಿ ದಂತದ ಕುಸುರಿ, ಒಳಗೆ ಮಲಗಿರೋದು ಹೈದರ್, ಟಿಪ್ಪು, ಟಿಪ್ಪು ತಾಯಿ, ಬಾಗಿಲು ಕೊಟ್ಟವನು ಡಾಲ್‌ಹೌಸಿ, ಅವಧ್ ನುಂಗಿದನಲ್ಲ ಅವನೇ. ಇನ್ನೊಂದು ಕೋಟೆ ಗೋಡೆ ಒಡೆದ ಜಾಗದ ಹತ್ರ ಇರೋ ಕಲ್ಲು ಸ್ತಂಭ, 1907ರಲ್ಲಿ ನಿಲ್ಲಿಸಿದ್ದು, ದಾಳಿಯಲ್ಲಿ ಸತ್ತ ಕಂಪನಿ ಕಡೆ ಆಫೀಸರುಗಳ ಹೆಸರು ಅದ್ರ ಮೇಲಿದೆ. ಹಾಕಿಸಿದ್ದು ಲಂಡನ್ ಅಲ್ಲ, ಮೈಸೂರು ಸರ್ಕಾರ. ಯಾಕೆ ಅಂತ ಹೇಳೋಕೆ 1799ರಲ್ಲಿ ಯಾರಿಗೆ ಪಟ್ಟ ಕಟ್ಟಿದ್ರು ಅಂತ ಮೊದ್ಲು ನೋಡ್ಕೊಳ್ಳಿ, ಆಮೇಲೆ ಸ್ತಂಭದ ಮುಂದೆ ಹೋಗಿ ನಿಲ್ಲಿ.