ಕಾಸರಗೋಡಿನ ಎಲ್‌ಪಿ ಶಾಲೆಗೆ ಮಗುವನ್ನು ಸೇರಿಸುವ ಕನ್ನಡ ಮನೆಯವರಿಗೆ

ತಲಪಾಡಿ ದಾಟಿದ ಮೇಲೂ ಅಂಗಡಿಯಲ್ಲಿ, ಬಸ್ಸಿನಲ್ಲಿ ಕನ್ನಡ, ತುಳು ನಡೆಯುತ್ತದೆ. ಮದುವೆಯಾಗಿಯೋ ಕೆಲಸದ ಮೇಲೋ ಪುತ್ತೂರು, ಸುಳ್ಯ, ಮಂಗಳೂರಿನಿಂದ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ ಕಡೆ ಬಂದವರು ಶಾಲೆಯೂ ಊರಿನ ಹಾಗೆಯೇ ಇರಬಹುದು ಎಂದುಕೊಳ್ಳುತ್ತಾರೆ. ಶಾಲೆ ಮಾತ್ರ ಪೂರ್ತಿ ಕೇರಳದ್ದು. 1956ರ ನವೆಂಬರ್ 1ಕ್ಕೆ ಕೇರಳ ಸೇರಿದಾಗಿನಿಂದ ಇಲ್ಲಿ ನಡೆಯುತ್ತಿರುವುದು ತಿರುವನಂತಪುರದ ಕ್ಯಾಲೆಂಡರು, ಅಲ್ಲಿನ ಪಠ್ಯಪುಸ್ತಕ, ಅಲ್ಲಿನ ಹುದ್ದೆ ಲೆಕ್ಕ. ಅದರೊಳಗೆ ಕನ್ನಡಕ್ಕೆ ಜಾಗ ಉಂಟು. ಆ ಜಾಗ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಜೂನ್ ತಿಂಗಳ ಮೊದಲ ವಾರದಲ್ಲಿ, ತಂದೆ ತಾಯಿ ತುಂಬಿಸುವ ಒಂದು ಫಾರ್ಮಿನ ಮೇಲೆ.

ಮೊದಲು ಹೆಸರುಗಳು. ಕೇರಳದಲ್ಲಿ ಲೋವರ್ ಪ್ರೈಮರಿ ಎಂದರೆ ಒಂದರಿಂದ ನಾಲ್ಕು, ಅಪ್ಪರ್ ಪ್ರೈಮರಿ ಐದರಿಂದ ಏಳು, ಹೈಸ್ಕೂಲು ಎಂಟರಿಂದ ಹತ್ತು. ಬೋರ್ಡಿನಲ್ಲಿ ಜಿಎಲ್‌ಪಿಎಸ್ ಎಂದಿದ್ದರೆ ಸರಕಾರಿ, ಎಎಲ್‌ಪಿಎಸ್ ಅಥವಾ ಎಯುಪಿಎಸ್ ಎಂದಿದ್ದರೆ ಅನುದಾನಿತ. ಅನುದಾನಿತ ಶಾಲೆಯಲ್ಲಿ ಕಟ್ಟಡವೂ ನೇಮಕಾತಿಯೂ ಮ್ಯಾನೇಜರರದ್ದು, ಸಂಬಳ ಸರಕಾರದ್ದು. ಹೆಸರು ಖಾಸಗಿಯಂತೆ ಕೇಳಿದರೂ ಅಲ್ಲಿ ಫೀಸಿಲ್ಲ, ಊಟ ಮತ್ತು ಪುಸ್ತಕ ಸರಕಾರಿ ಶಾಲೆಯ ಹಾಗೆಯೇ. ಕನ್ನಡ ಮಾಧ್ಯಮದ ಎಷ್ಟೋ ಹಳೆಯ ಶಾಲೆಗಳು ಈ ಬಗೆಯವು. ಅನುದಾನರಹಿತ ಶಾಲೆ ಬೇರೆಯೇ ವಿಷಯ, ಈ ಬರಹಕ್ಕೆ ಅದು ಸೇರುವುದಿಲ್ಲ.

ವಯಸ್ಸಿನ ಬಗ್ಗೆ ಒಂದು ಮಾತು. ಜೂನ್ 1ಕ್ಕೆ ಐದು ತುಂಬಿದರೆ ಒಂದನೇ ಕ್ಲಾಸು ಎಂಬುದು ಇಲ್ಲಿ ಬಹುಕಾಲದ ರೂಢಿ. 2026-27ರಿಂದ ಅದನ್ನು ಆರು ಮಾಡುವುದಾಗಿ ಕೇರಳ ಸರಕಾರ ಹೇಳಿತ್ತು. ಐದೂವರೆಯ ಮಗು ಮನೆಯಲ್ಲಿದ್ದರೆ ಏಪ್ರಿಲಿನಲ್ಲೇ ಹೆಡ್‌ಮಾಸ್ಟರರನ್ನು ಕಂಡು ಕೇಳಿ. ಎರಡು ಮೂರು ವರ್ಷದಲ್ಲಿ ಕರ್ನಾಟಕಕ್ಕೆ ಮರಳುವ ಯೋಚನೆ ಇದ್ದರೆ ಅವಸರವೇ ಬೇಡ. ಐದಕ್ಕೇ ಸೇರಿಸಿದ ಮಗುವಿಗೆ ಆಚೆ ಹೋದಾಗ ಅದೇ ಕ್ಲಾಸಿನಲ್ಲಿ ವಯಸ್ಸಿನ ತಕರಾರು ಬರುತ್ತದೆ.

ಫಾರ್ಮಿನ ಮೂರು ಕಾಲಂ

ಶಾಲೆಯಲ್ಲಿ ಕೊಟ್ಟ ವಿವರಗಳನ್ನು ಸಂಪೂರ್ಣ ಎಂಬ ಸಾಫ್ಟ್‌ವೇರಿಗೆ ಏರಿಸುತ್ತಾರೆ. ಮಗುವಿನ ಟಿಸಿಯಿಂದ ಹಿಡಿದು ಎಸ್‌ಎಸ್‌ಎಲ್‌ಸಿ ಪುಸ್ತಕದವರೆಗೆ (ಹತ್ತನೇ ಕ್ಲಾಸಿನ ಸರ್ಟಿಫಿಕೇಟು) ಎಲ್ಲಕ್ಕೂ ಅದೇ ಬುಡ. ಅದರಲ್ಲಿ ಮಾತೃಭಾಷೆ, ಕಲಿಕೆಯ ಮಾಧ್ಯಮ, ಪ್ರಥಮ ಭಾಷೆ ಎಂದು ಮೂರು ಕಾಲಂಗಳಿವೆ. ಮೂರೂ ಒಂದೇ ಎಂದು ಭಾವಿಸಿ ಒಂದನ್ನು ಬರೆದು ಬಿಡುವವರೇ ಹೆಚ್ಚು.

ಮಾತೃಭಾಷೆ ಎಂದರೆ ಮನೆಯ ಮಾತು. ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮನೆಯವರು ಅದನ್ನೇ ಬರೆಸಬಹುದು. ಮಾಧ್ಯಮದ ಕಾಲಂ ಬೇರೆ. ಗಣಿತ, ಪರಿಸರ ಪಾಠಗಳು ಯಾವ ಭಾಷೆಯಲ್ಲಿ ಬೇಕು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ತುಳು ಮನೆಯ ಮಗು ಕನ್ನಡ ಮಾಧ್ಯಮಕ್ಕೆ ಸೇರಲು ಯಾವ ಅಡ್ಡಿಯೂ ಇಲ್ಲ. ಮೂರನೆಯದು ಪ್ರಥಮ ಭಾಷೆ, ಅದು ಒಂದನೇ ಪೇಪರು, ಎರಡನೇ ಪೇಪರು ಎಂದು ಎರಡು ಭಾಗ. ಕನ್ನಡ ಬೇಕಾದವರು ಎರಡೂ ಕಡೆ ಕನ್ನಡ ಎಂದೇ ಇದೆಯೇ ಎಂದು ನೋಡಬೇಕು. ಒಂದೇ ಕಟ್ಟಡದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಡಿವಿಜನ್‌ಗಳು ಅಕ್ಕಪಕ್ಕ ಇರುವ ಶಾಲೆಗಳಲ್ಲಿ ತಪ್ಪು ಆಗುವುದು ಇಲ್ಲಿಯೇ. ಮಗು ಕನ್ನಡ ಕ್ಲಾಸಿನಲ್ಲಿ ಕೂತಿರುತ್ತದೆ, ದಾಖಲೆಯಲ್ಲಿ ಬೇರೆ ಇರುತ್ತದೆ. ನಾಲ್ಕು ವರ್ಷ ಕಳೆದು ಟಿಸಿ ಕೈಗೆ ಬಂದಾಗ ಅದು ಬೆಳಕಿಗೆ ಬರುತ್ತದೆ. ಕಂಪ್ಯೂಟರಿಗೆ ಏರಿಸಿದ ಮೇಲೆ ಒಂದು ಪ್ರಿಂಟ್ ಕೇಳಿ ಓದಿ ನೋಡಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಈ ಕಾಲಂಗಳಿಗೆ ದೂರದ ಬೆಲೆಯೂ ಉಂಟು. ಮುಂದೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗಿರುವ ಅವಕಾಶ ಪಡೆಯಲು ಕಾಸರಗೋಡು, ಹೊಸದುರ್ಗ (ಈ ಜಿಲ್ಲೆಯದ್ದೇ), ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು ಓದಿದ ದಾಖಲೆ ತೋರಿಸಬೇಕು, ಮಾತೃಭಾಷೆಯನ್ನೂ ತೋರಿಸಬೇಕು, ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಆ ದಾಖಲೆ ಶುರುವಾಗುವುದು ಒಂದನೇ ಕ್ಲಾಸಿನಿಂದ.

ಆರನೇ ಕೆಲಸದ ದಿನ

ಇದನ್ನು ಹೊಸಬರು ಯಾರೂ ಕೇಳಿರುವುದಿಲ್ಲ, ಕೇಳಲೇಬೇಕಾದದ್ದು ಇದು. ಶಾಲೆ ತೆರೆದ ಆರನೇ ಕೆಲಸದ ದಿನ, ಸಾಮಾನ್ಯವಾಗಿ ಜೂನ್ ಎರಡನೇ ವಾರದಲ್ಲಿ, ಕೇರಳದ ಎಲ್ಲ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಮಕ್ಕಳ ತಲೆ ಎಣಿಕೆ ಆಗುತ್ತದೆ. ಆ ದಿನದ ಸಂಖ್ಯೆಯ ಮೇಲೆ ಆ ವರ್ಷದ ಅಧ್ಯಾಪಕ ಹುದ್ದೆಗಳು ನಿಲ್ಲುತ್ತವೆ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬ ಅಧ್ಯಾಪಕರು ಎಂಬುದು ಲೆಕ್ಕ. ಕ್ಲಾಸಿಗೆ ಸರಾಸರಿ 15 ಮಕ್ಕಳೂ ಇಲ್ಲದ ಶಾಲೆ ಲಾಭಕರವಲ್ಲದ ಶಾಲೆಗಳ ಪಟ್ಟಿಗೆ ಬೀಳುತ್ತದೆ. ಅಂಥ ಅನುದಾನಿತ ಶಾಲೆಯಲ್ಲಿ ಖಾಲಿಯಾದ ಜಾಗಕ್ಕೆ ಖಾಯಂ ಅಧ್ಯಾಪಕರು ಬರುವುದಿಲ್ಲ, ದಿನಗೂಲಿಯವರು ಬರುತ್ತಾರೆ, ಮಾರ್ಚಿಗೆ ಹೋಗುತ್ತಾರೆ.

ಎಣಿಕೆಗೆ ಸೇರಬೇಕಾದರೆ ಮಗುವಿನ ಹೆಸರು ಸಂಪೂರ್ಣದಲ್ಲಿ ಇರಬೇಕು, ಆಧಾರ್ ಸಂಖ್ಯೆಯೂ ಹೊಂದಬೇಕು. ಮಗು ಬೆಂಚಿನಲ್ಲಿ ಕೂತಿದ್ದು ಆಧಾರ್ ಇಲ್ಲದಿದ್ದರೆ ಹುದ್ದೆಯ ಲೆಕ್ಕಕ್ಕೆ ಆ ಮಗು ಬಾರದೆ ಹೋಗಬಹುದು. ಆದ್ದರಿಂದ ಸೇರಿಸುವುದನ್ನು ಜೂನ್ ಕೊನೆಗೆ ಇಟ್ಟುಕೊಳ್ಳಬೇಡಿ. ಮನೆ ಬದಲಿಸುವ ತಾಪತ್ರಯ, ಮಳೆ, ಊರ ಮದುವೆ, ಏನೇ ಇರಲಿ. ಹತ್ತು ಹನ್ನೆರಡು ಮಕ್ಕಳಿರುವ ಕನ್ನಡ ಡಿವಿಜನಿನಲ್ಲಿ ಇಬ್ಬರು ಮಕ್ಕಳು ವಾರ ತಡವಾಗಿ ಬಂದರೂ ಪೆಟ್ಟು ತಾಗುವುದು ಇಡೀ ಕ್ಲಾಸಿಗೆ.

ಕಾಗದಪತ್ರ

ಈ ಕಡೆಯ ಮಕ್ಕಳಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಗಳಲ್ಲಿ. ಅವರ ಜನನ ಪ್ರಮಾಣಪತ್ರ ಕರ್ನಾಟಕದ್ದು, ಕನ್ನಡ ಮತ್ತು ಇಂಗ್ಲಿಷಿನಲ್ಲಿರುತ್ತದೆ. ಅದು ಇಲ್ಲಿ ಪೂರ್ತಿ ನಡೆಯುತ್ತದೆ, ಕೇರಳದ ಪಂಚಾಯತಿನಲ್ಲಿ ಮತ್ತೆ ನೋಂದಾಯಿಸುವ ಅಗತ್ಯವಿಲ್ಲ. ತೊಂದರೆ ಬರುವುದು ಹೆಸರಿನ ಜಾಗ ಖಾಲಿ ಇದ್ದಾಗ. ಹುಟ್ಟಿದ ವಾರದಲ್ಲಿ ಹೆಸರಿಡದೆ ಪತ್ರ ತೆಗೆದು, ಆಮೇಲೆ ಸೇರಿಸಲು ಮರೆತ ಮನೆಗಳು ಬಹಳ. ಹೆಸರು ಸೇರಿಸುವ ಕೆಲಸ ಹುಟ್ಟನ್ನು ನೋಂದಾಯಿಸಿದ ಕಡೆಯೇ ಆಗಬೇಕು. ಬೇಸಿಗೆ ರಜೆಯಲ್ಲೇ ಮುಗಿಸಿ.

ಇನ್ನೊಂದು, ಇನಿಶಿಯಲ್ಲು. ಜನನ ಪತ್ರದಲ್ಲಿ ‘ಶ್ರೀನಿಧಿ’, ಆಧಾರಿನಲ್ಲಿ ‘ಶ್ರೀನಿಧಿ ಕೆ’, ಶಾಲೆಯಲ್ಲಿ ‘ಕೆ. ಶ್ರೀನಿಧಿ’ ಎಂದಾದರೆ ಮೂರು ಮಕ್ಕಳಾದಂತೆ. ಜನನ ಪತ್ರದಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನೇ ಆಧಾರಿಗೂ ಶಾಲೆಗೂ ಒಯ್ಯಿರಿ. ಅಡ್ಮಿಷನ್ ರಿಜಿಸ್ಟರಿಗೆ ಒಮ್ಮೆ ಏರಿದ ಹೆಸರು, ಹುಟ್ಟಿದ ದಿನ ಬದಲಿಸಲು ಅನುಮತಿ, ಪ್ರಮಾಣಪತ್ರ ಎಂದು ಅಲೆದಾಟವಿದೆ. ಐದು ವರ್ಷ ತುಂಬಿದ ಮಗುವಿನ ಆಧಾರಿಗೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಕೇರಳ ಸರಕಾರದ ಸೇವಾ ಕೇಂದ್ರವಾದ ಅಕ್ಷಯದಲ್ಲಿ ಆಗುತ್ತದೆ. ಆಧಾರಿನ ವಿಳಾಸ ಕರ್ನಾಟಕದ್ದಾದರೆ ಪ್ರವೇಶಕ್ಕೆ ತೊಂದರೆ ಇಲ್ಲ.

ಜಾತಿಯ ಕಾಲಂ ತುಂಬಿಸುವಾಗ ಕೇರಳದ ಪಟ್ಟಿಯಲ್ಲಿ ಸಮುದಾಯದ ಹೆಸರು ಹೇಗಿದೆಯೋ ಹಾಗೆ ಬರೆಸಿ. ಕರ್ನಾಟಕದ ವರ್ಗ, ಪ್ರವರ್ಗ ಇಲ್ಲಿ ಲೆಕ್ಕಕ್ಕಿಲ್ಲ. ಮುಂದೆ ಸರ್ಟಿಫಿಕೇಟು ಕೊಡುವಾಗ ಗ್ರಾಮ ಕಚೇರಿಯವರು (ಕಂದಾಯ ಇಲಾಖೆಯ ವಿಲೇಜ್ ಆಫೀಸು) ಮೊದಲು ನೋಡುವುದು ಶಾಲೆಯ ದಾಖಲೆಯನ್ನು.

ಕರ್ನಾಟಕದ ಶಾಲೆಯಿಂದ ನಡುವೆ ಬರುವ ಮಗುವಿಗೆ ಟಿಸಿ ಬೇಕು, ಅದರ ಜೊತೆಗೆ ಪೆನ್ ಎಂಬ ಶಾಶ್ವತ ಶಿಕ್ಷಣ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಕಾಗದ ಕೈಗೆ ಬಂದರೆ ಕೆಲಸ ಮುಗಿಯಿತು ಎಂದಲ್ಲ. ಹಳೆಯ ಶಾಲೆಯವರು ದೇಶದ ಶಾಲೆಗಳ ಲೆಕ್ಕವಿಡುವ ಯುಡೈಸ್ ಪೋರ್ಟಲಿನಲ್ಲಿ ಮಗುವನ್ನು ಬಿಟ್ಟುಕೊಡದಿದ್ದರೆ ಇಲ್ಲಿನ ಶಾಲೆಗೆ ಆ ಪೋರ್ಟಲಿನಲ್ಲಿ ಸೇರಿಸಿಕೊಳ್ಳಲಾಗುವುದಿಲ್ಲ, ಮಗು ಎರಡು ರಾಜ್ಯಗಳ ನಡುವೆ ಸಿಕ್ಕಿಬೀಳುತ್ತದೆ. ಊರು ಬಿಡುವ ಮೊದಲೇ ‘ಪೋರ್ಟಲಿನಿಂದ ತೆಗೆದಿರಾ’ ಎಂದು ಕೇಳಿ ಬನ್ನಿ. ಹಾಗೆಂದು ಟಿಸಿ ತಡವಾಯಿತು ಎಂಬ ಕಾರಣಕ್ಕೆ ಮಗುವನ್ನು ಸೇರಿಸದೆ ಹಿಂದೆ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಅದನ್ನು ಸ್ಪಷ್ಟವಾಗಿ ಹೇಳಿದೆ.

ಗ್ರೂಪಿಗೆ ಬರುವ ಮಲಯಾಳ

ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಸುತ್ತೋಲೆಗಳು ಮಲಯಾಳದಲ್ಲೇ ಬಂದು ಬೀಳುತ್ತವೆ. ಲಿಪಿ ಗೊತ್ತಿಲ್ಲದವರು ಯಾರಿಂದಲೋ ಓದಿಸಿ ಕೇಳುತ್ತಾರೆ. ಕಿವಿಗೆ ಕನ್ನಡದಂತೆ ಕೇಳುವ ಶಬ್ದಗಳೇ ಮೋಸ ಮಾಡುತ್ತವೆ. ‘ನಾಳೆ ಅವಧಿ’ ಎಂದರೆ ನಾಳೆ ರಜೆ, ಪೀರಿಯಡ್ ಅಲ್ಲ. ‘ಯೋಗಂ’ ಎಂದರೆ ಮೀಟಿಂಗು. ‘ಅಪೇಕ್ಷ’ ಅರ್ಜಿ. ‘ಒಪ್ಪ್’ ಎಂದರೆ ಸಹಿ, ಕೆಳಗೆ ಗೆರೆ ಎಳೆದಿದ್ದರೆ ಅಲ್ಲಿ ನೀವು ರುಜು ಹಾಕಬೇಕು. ‘ರಕ್ಷಿತಾವ್’ ತಂದೆ ತಾಯಿ ಅಥವಾ ಪೋಷಕರು. ‘ಪ್ರವೃತ್ತಿ ದಿನಂ’ ಕೆಲಸದ ದಿನ, ಶನಿವಾರದ ಹೆಸರಿನ ಜೊತೆ ಬಂದರೆ ಆ ಶನಿವಾರ ಶಾಲೆ ಉಂಟು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಕ್ಲಾಸ್ ಉಂಡಾಯಿರಿಕ್ಕುನ್ನದಲ್ಲ’ ಎಂಬ ಸಾಲು. ಮೊದಲರ್ಧ ಕೇಳಿ ಕ್ಲಾಸು ಉಂಟು ಎಂದುಕೊಂಡು ಮಗುವನ್ನು ಮಳೆಯಲ್ಲಿ ಕಳಿಸಬೇಡಿ. ಕೊನೆಯ ‘ಅಲ್ಲ’ ಇಡೀ ಮಾತನ್ನು ತಿರುಗಿಸುತ್ತದೆ, ಕ್ಲಾಸು ಇಲ್ಲ ಎಂದು ಅರ್ಥ.

ಕನ್ನಡ ಡಿವಿಜನಿನ ಗ್ರೂಪಿನಲ್ಲಿ ಕನ್ನಡದಲ್ಲೇ ಸೂಚನೆ ಹಾಕಿ ಎಂದು ಕ್ಲಾಸ್ ಟೀಚರಿಗೆ ಹೇಳುವುದು ನ್ಯಾಯವಾದ ಬೇಡಿಕೆ. ಜೊತೆಗೆ ಮನೆಯ ದೊಡ್ಡವರು ಮಲಯಾಳ ಅಕ್ಷರ ಕಲಿತರೆ ಕನ್ನಡಕ್ಕೆ ಯಾವ ನಷ್ಟವೂ ಇಲ್ಲ, ಸರಕಾರಿ ಕಚೇರಿಯಲ್ಲಿ ಮೋಸ ಹೋಗುವುದು ತಪ್ಪುತ್ತದೆ.

ರಜೆ, ಗಂಟೆ, ಊಟ

ಮಳೆಗಾಲದಲ್ಲಿ ರಜೆ ಕೊಡುವುದು ಜಿಲ್ಲಾಧಿಕಾರಿ. ಗಡಿಯ ಮನೆಗಳಿಗೆ ಮಂಗಳೂರಿನ ಸುದ್ದಿ ಮೊದಲು ಮುಟ್ಟುತ್ತದೆ, ದಕ್ಷಿಣ ಕನ್ನಡದ ರಜೆಯನ್ನು ನಮ್ಮದೆಂದು ನಂಬಿ ಮಕ್ಕಳನ್ನು ಮನೆಯಲ್ಲಿ ಉಳಿಸುವುದು ಪ್ರತಿ ಜುಲೈಯಲ್ಲಿ ನಡೆಯುತ್ತದೆ. ಕಾಸರಗೋಡು ಕಲೆಕ್ಟರರ ಪ್ರಕಟಣೆ ಮಾತ್ರ ನೋಡಿ.

ದೊಡ್ಡ ರಜೆ ಓಣಂಗೆ ಮತ್ತು ಕ್ರಿಸ್‌ಮಸ್‌ಗೆ, ಸುಮಾರು ಹತ್ತು ಹತ್ತು ದಿನ. ದಸರೆಗೆ ಕರ್ನಾಟಕದಂತೆ ವಾರಗಟ್ಟಲೆ ರಜೆ ಸಿಗುವುದಿಲ್ಲ. ಯುಗಾದಿ ವಾರ್ಷಿಕ ಪರೀಕ್ಷೆಯ ಹೊತ್ತಿಗೇ ಬೀಳುವುದುಂಟು. ಚೌತಿಗೆ ಜಿಲ್ಲೆಯಲ್ಲಿ ಸ್ಥಳೀಯ ರಜೆ ಕೊಡುವುದಿದೆ. ಏಪ್ರಿಲ್, ಮೇ ಬೇಸಿಗೆ ರಜೆ. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ, ಅದಕ್ಕೆ ತಕ್ಕಂತೆ ಬೆಳಿಗ್ಗೆ ಬೇಗ ಗಂಟೆ ಹೊಡೆಯುತ್ತದೆ. ಆಟೋದವರಿಗೆ ಮೊದಲೇ ಹೇಳಿಡಿ.

ಮಧ್ಯಾಹ್ನದ ಊಟ ಎಂಟನೇ ಕ್ಲಾಸಿನವರೆಗೆ ಉಚಿತ. ವಾರಕ್ಕೆ ಎರಡು ದಿನ 150 ಮಿಲಿಲೀಟರ್ ಹಾಲು, ಒಂದು ದಿನ ಮೊಟ್ಟೆ. ಮೊಟ್ಟೆ ತಿನ್ನದ ಮಕ್ಕಳಿಗೆ ನೇಂದ್ರ ಬಾಳೆಹಣ್ಣು ಕೊಡುತ್ತಾರೆ, ಜೂನಿನಲ್ಲೇ ಹೇಳಿ ಬರೆಸಿರಬೇಕು. ಪುಸ್ತಕ ಉಚಿತ. ಕನ್ನಡ ಪುಸ್ತಕ ಬರುವುದು ತಡವಾದರೆ ಪಠ್ಯಪುಸ್ತಕ ತಯಾರಿಸುವ ಕೇರಳದ ಎಸ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ. ಯೂನಿಫಾರ್ಮಿಗೆ ಕೈಮಗ್ಗದ ಬಟ್ಟೆ ಸಿಗುವ ಶಾಲೆಗಳಲ್ಲಿ ಎರಡು ಜೊತೆಗಾಗುವಷ್ಟು ಕೊಡುತ್ತಾರೆ, ಹೊಲಿಗೆ ಖರ್ಚು ಮನೆಯದ್ದು.

ಪರೀಕ್ಷೆಗಳು ಮೂರು: ಓಣಂ, ಕ್ರಿಸ್‌ಮಸ್, ವಾರ್ಷಿಕ. ಎಲ್‌ಪಿಯಲ್ಲಿ ಅಂಕಪಟ್ಟಿಯ ಬದಲು ‘ಎ’ಯಿಂದ ‘ಇ’ವರೆಗೆ ಗ್ರೇಡು. ಫೇಲು ಮಾಡುವುದಿಲ್ಲ, ಹಾಗಾಗಿ ಓದಲು ಬಾರದ ಮಗುವೂ ಮೇಲಿನ ಕ್ಲಾಸಿಗೆ ಹೋಗುತ್ತದೆ. ಗ್ರೇಡು ನೋಡಿ ಸಮಾಧಾನ ಪಡಬೇಡಿ, ಮಗುವಿನ ಕೈಯಲ್ಲಿ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ ನೋಡಿ. ನಾಲ್ಕನೇ ಕ್ಲಾಸಿನಲ್ಲಿ ಎಲ್‌ಎಸ್‌ಎಸ್ ಎಂದು ಎಲ್ಲರೂ ಕರೆಯುವ ಸ್ಕಾಲರ್‌ಶಿಪ್ ಪರೀಕ್ಷೆ ಇದೆ, ಅದನ್ನು ಕನ್ನಡದಲ್ಲೇ ಬರೆಯಬಹುದು.

ಕನ್ನಡ ಗೊತ್ತಿಲ್ಲದ ಟೀಚರ್ ಬಂದರೆ

ಕನ್ನಡ ಡಿವಿಜನಿಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕುವುದು ಇಲ್ಲಿನ ಹಳೆಯ ನೋವು. ಆರು ವರ್ಷದ ಮಗುವಿಗೆ ಕೂಡಿಸುವುದು, ಕಳೆಯುವುದು ಅರ್ಥವಾಗದ ಭಾಷೆಯಲ್ಲಿ ಹೇಳಿದರೆ ಆ ಮಗು ದಡ್ಡ ಎನ್ನಿಸಿಕೊಳ್ಳುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳಿದೆ. ಆದರೆ ಗದ್ದಲಕ್ಕಿಂತ ಕಾಗದ ಕೆಲಸ ಮಾಡುತ್ತದೆ. ಯಾವ ಕ್ಲಾಸು, ಯಾವ ವಿಷಯ, ಯಾವ ತಾರೀಕಿನಿಂದ, ವಾರಕ್ಕೆ ಎಷ್ಟು ಪೀರಿಯಡ್, ಇಷ್ಟನ್ನು ಬರೆದು ಆ ಕ್ಲಾಸಿನ ಹೆತ್ತವರೆಲ್ಲ ಸಹಿ ಹಾಕಿ ಹೆಡ್‌ಮಾಸ್ಟರರಿಗೆ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದನ್ನೇ ಲಗತ್ತಿಸಿ ಉಪಜಿಲ್ಲೆಯ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ, ಮಂಜೇಶ್ವರವೋ ಕುಂಬಳೆಯೋ ಕಾಸರಗೋಡೋ ನಿಮ್ಮದು ಯಾವುದೋ ಅಲ್ಲಿಗೆ, ಆಮೇಲೆ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಾದ ಡಿಡಿಇಗೆ. ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ದಿನಗೂಲಿ ನೇಮಕದ ಸಂದರ್ಶನ ಶಾಲೆಯಲ್ಲೇ ನಡೆಯುತ್ತದೆ, ಜೂನ್ ಹೊತ್ತಿಗೆ. ಹೆತ್ತವರ ಮತ್ತು ಅಧ್ಯಾಪಕರ ಸಂಘವಾದ ಪಿಟಿಎಯಲ್ಲಿ ಕನ್ನಡ ಮನೆಯವರು ಇದ್ದರೆ ಆ ದಿನವೇ ಮಾತಾಡಬಹುದು, ಆಮೇಲೆ ಅರ್ಜಿ ಹಿಡಿದು ಓಡುವುದು ತಪ್ಪುತ್ತದೆ.

ನಾಲ್ಕನೇ ಕ್ಲಾಸಿನ ಜನವರಿಯಲ್ಲಿ ಮುಂದಿನ ಶಾಲೆ ನೋಡಿಟ್ಟುಕೊಳ್ಳಿ. ಎಲ್‌ಪಿ ಮಾತ್ರ ಇರುವ ಶಾಲೆಯಿಂದ ಮಗು ಹೊರಡಲೇಬೇಕು, ಹತ್ತಿರದ ಯುಪಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಕನ್ನಡ ಡಿವಿಜನ್ ಇದೆಯೇ, ಅಲ್ಲಿಗೆ ಬೆಳಿಗ್ಗೆ ಬಸ್ಸಿದೆಯೇ ಎಂದು ಹೋಗಿ ಕೇಳಬೇಕು. ಅಲ್ಲಿಯೂ ಆರನೇ ಕೆಲಸದ ದಿನದ ಎಣಿಕೆ ಇದೆ.