ತಾನಾಗಿ ಹುಟ್ಟಿದ ಮರ ಯಾವ್ದು ಅಂತ ಗೊತ್ತಾಗುವವರೆಗೆ ಬಾಯಿಗೆ ಹಾಕ್ಬೇಡಿ, ಕತ್ತಿಯೂ ಹಾಕ್ಬೇಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಿತ್ತಿಲಲ್ಲಿ ನಾವು ನೆಟ್ಟ ಗಿಡಗಳ ಜೊತೆಗೆ ಬಾವಲಿ, ಹಕ್ಕಿಗಳು ಬೀಜ ಹಾಕಿ ಹುಟ್ಟಿದ್ದೂ ಬೇಕಾದಷ್ಟು ಇರ್ತದೆ, ತೋಟದ ಬರೆಯಲ್ಲಿ ಎಂತದೋ ಒಂದು ಗಿಡ ಎದ್ದು ನಿಂತ್ರೆ ಮಕ್ಕಳು ಒಂದು ಎಲೆಯ ಫೋಟೋ ಕಳಿಸಿ "ದೊಡ್ಡಮ್ಮಾ ಇದೆಂತ ಮರ" ಅಂತ ಕೇಳ್ತಾರೆ. ಒಂದು ಎಲೆ ನೋಡಿ ಮರ ಹೇಳ್ಲಿಕ್ಕೆ ಯಾರಿಂದಲೂ ಆಗುದಿಲ್ಲ, ಗೂಗಲ್ ಲೆನ್ಸಿಗೂ ಅಷ್ಟೆ.

ಅದರಲ್ಲಿ ನನಗೆ ನಿಜವಾಗಿ ಹೆದರಿಕೆ ಇರುವುದು ಕಾಸರಕನ ವಿಷಯ. ಮಲಯಾಳದವರು ಕಾಂಜಿರ ಅಂತ ಹೇಳುವ ಮರ, ನಮ್ಮ ಗುಡ್ಡೆಗಳಲ್ಲಿ ಉಂಟು. ಅದರ ಎಲೆ ಕಡ್ಡಿಯಲ್ಲಿ ಎದುರೆದುರು ಎರಡೆರಡು ಬರ್ತದೆ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣ್ತದೆ, ಹೊಳಪೂ ಉಂಟು. ಈಗ ದಾಲ್ಚಿನ್ನಿ ಎಲೆ ನೋಡಿ, ಅದೂ ಹೆಚ್ಚಾಗಿ ಎದುರೆದುರು, ಅದಕ್ಕೂ ಉದ್ದಕ್ಕೆ ಮೂರು ನರ! ಮೂರು ನರ ಕಂಡ ಕೂಡ್ಲೇ ದಾಲ್ಚಿನ್ನಿ ಅಂತ ಕಿತ್ತು ಪಾಯಸಕ್ಕೆ, ಪಲಾವಿಗೆ ಹಾಕುವ ಅಂದಾಜು ಮಾಡ್ಲೇಬೇಡಿ. ಎಲೆ ಹಿಸುಕಿ ಮೂಸಿ, ದಾಲ್ಚಿನ್ನಿ ಆದ್ರೆ ಪರಿಮಳ ಬಂದೇ ಬರ್ತದೆ, ಎಳೆ ಚಿಗುರು ಕೆಂಪಗೆ ಇರ್ತದೆ. ಕಾಸರಕನಿಗೆ ಆ ಪರಿಮಳ ಇಲ್ಲ, ಎಲೆ ಸ್ವಲ್ಪ ಅಗಲ, ಹಣ್ಣು ಕಿತ್ತಳೆ ಬಣ್ಣಕ್ಕೆ ಉರುಟಾಗಿ ಚಂದ ಕಾಣ್ತದೆ, ಒಳಗಿನ ಬೀಜ ಕೋಟಿನ ಗುಂಡಿಯ ಹಾಗೆ ಚಪ್ಪಟೆ. ಆ ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಉಂಟು, ಜೀವ ತೆಗೆಯುವಂಥದ್ದು, ಸಣ್ಣ ಮಕ್ಕಳಿರುವ ಮನೆಯವರು ಮರದಡಿ ಬಿದ್ದ ಹಣ್ಣು ಹೆಕ್ಕಿ ಹೂತು ಬಿಡಿ.

ಹೊಳೆ ಬದಿಯ ಮನೆಗಳಲ್ಲಿ ಇನ್ನೊಂದು ಮರ, ಮಲಯಾಳದಲ್ಲಿ ಒತಳಂ. ಕಾಯಿ ನೋಡಿದ್ರೆ ಹಸಿ ಮಾವಿನಕಾಯಿಯೇ ಅನ್ನಿಸ್ತದೆ, ಆದ್ರೆ ಎಲೆ ಮುರಿದ್ರೆ ಬಿಳಿ ಹಾಲು ಬರ್ತದೆ. ಮಾವಿಗೆ ಬಿಳಿ ಹಾಲಿಲ್ಲ, ಮಾವಿನ ಎಲೆ ಹಿಸುಕಿದ್ರೆ ಮಾವಿನದ್ದೇ ವಾಸನೆ. ಒತಳಂ ಬೀಜವೂ ಕೊಲ್ಲುವ ವಿಷ.

ಕತ್ತಿ ಹಾಕ್ಬೇಡಿ ಅಂದದ್ದು ಚೇರೆ ಮರಕ್ಕಾಗಿ. ತೊಗಟೆಯಲ್ಲಿ ಕಪ್ಪು ಕಲೆ ಇಳಿದ ಗುರುತು ಕಂಡ್ರೆ ದೂರ ನಿಲ್ಲಿ. ಅದರ ರಸ ಗಾಳಿ ತಾಗಿದ್ರೆ ಕಪ್ಪಾಗ್ತದೆ, ಮೈಗೆ ತಾಗಿದ್ರೆ ತುರಿಸಿ ಗುಳ್ಳೆ ಏಳ್ತದೆ. ಎಲೆಗಳು ಗೆಲ್ಲಿನ ತುದಿಯಲ್ಲಿ ಗುಂಪಾಗಿ ಇರ್ತವೆ, ಎಳೆ ಎಲೆಯ ತೊಟ್ಟನ್ನು ಮುಟ್ಟದೆ ಹತ್ತಿರದಿಂದ ನೋಡಿದ್ರೆ ಎರಡು ಬದಿಗೂ ಸಣ್ಣ ಮೊನೆ ಕಾಣ್ತದೆ, ಅದು ಒಳ್ಳೆ ಗುರುತು. ರಸ ತಾಗಿದ್ರೆ ಕೂಡ್ಲೇ ಸೋಪು ಹಾಕಿ ತೊಳೀರಿ, ಬೀಗಿದ್ರೆ ಡಾಕ್ಟ್ರ ಹತ್ರ ಹೋಗಿ.

ಸಣ್ಣ ಗಿಡ ಆದ್ರೆ ಇನ್ನೂ ಕಷ್ಟ, ಹೆಬ್ಬಲಸಿನ ಎಳೆ ಗಿಡದ ಎಲೆ ದೊಡ್ಡದಾಗಿ ಸೀಳು ಸೀಳಾಗಿ ಇರ್ತದೆ, ಬೆಳೆದ ಮರದಲ್ಲಿ ಹಾಗಿಲ್ಲ, ಅದೇ ಮರ ಅಂತ ನಂಬ್ಲಿಕ್ಕೇ ಆಗುದಿಲ್ಲ. ಹೆಬ್ಬಲಸಿನ ಎಲೆ ಮುಟ್ಟಿ ನೋಡಿದ್ರೆ ರೋಮ ಕೈಗೆ ಸಿಗ್ತದೆ, ಹಲಸಿನ ಎಲೆ ನುಣುಪು.

ಫೋಟೋ ತೆಗೆಯುದಾದ್ರೆ ಗೆಲ್ಲನ್ನೇ ತೆಗೀರಿ, ಎಲೆ ಎದುರೆದುರೋ ಒಂದೊಂದೋ ಅಂತ ಕಾಣ್ಬೇಕು, ಎಲೆಯ ಹಿಂದುಗಡೆ, ತೊಗಟೆ, ಹೂವು, ಕಾಯಿ, ಇಡೀ ಮರ ಎಲ್ಲ ಬೇಕು, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಒಂದು ಎಲೆ ಅಂದ್ರೆ ಎಲ್ಲಿಂದ ಎಲ್ಲಿವರೆಗೆ ಅಂತ ಡೌಟ್ ಬಂದ್ರೆ ತೊಟ್ಟು ಕಡ್ಡಿಗೆ ಸೇರುವಲ್ಲಿ ಚಿಗುರಿನ ಸಣ್ಣ ಮೊಗ್ಗು ಹುಡುಕಿ, ಮೊಗ್ಗು ಇರುವಲ್ಲಿಂದ ಒಂದು ಎಲೆ ಲೆಕ್ಕ. ಕರಿಬೇವಿನ ಇಡೀ ಕಡ್ಡಿಯೇ ಒಂದು ಎಲೆ ಆಗುದು ಹಾಗೆ. ಹೂವಿಗೆ ಕಾಯುವ ತಾಳ್ಮೆ ಇದ್ರೆ ಎಲ್ಲಕ್ಕಿಂತ ಒಳ್ಳೇದು.

ಆದ್ರೂ ಗೊತ್ತಾಗದಿದ್ರೆ ಹೂವೋ ಕಾಯಿಯೋ ಇರುವ ಗೆಲ್ಲು ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ ಒಣಗಿಸಿ (ಮಳೆಗಾಲದಲ್ಲಿ ದಿನಾ ಪೇಪರ್ ಬದಲಿಸಿ, ಇಲ್ಲದಿದ್ರೆ ಬೂಸ್ಟು ಬರ್ತದೆ). ಚೇರೆ ಅಂತ ಸಂಶಯ ಇದ್ರೆ ಮಾತ್ರ ಗೆಲ್ಲು ಬೇಡ, ಫೋಟೋ ಸಾಕು. ತಾರೀಕು ಬರೆದು ಪಂಚಾಯತಿನ ಕೃಷಿ ಭವನಕ್ಕೋ (ಕೃಷಿ ಇಲಾಖೆಯ ಆಫೀಸು) ಪಡನ್ನಕ್ಕಾಡಿನ ಕೃಷಿ ಕಾಲೇಜಿಗೋ ತಕೊಂಡು ಹೋಗಿ ಕೇಳಿ. ಗಂಧದ ಮರ ಅಂತ ಗೊತ್ತಾದ್ರೆ ನಿಮ್ಮದೇ ಜಾಗದಲ್ಲಿದ್ರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಗಂಧದ ಎಲೆಗೆ ಪರಿಮಳ ಇಲ್ಲ, ಅದಿರುವುದು ತಿರುಳಿನಲ್ಲಿ, ಹಾಗಾಗಿ ಎಲೆ ಮೂಸಿ "ಇದು ಗಂಧ ಅಲ್ಲ" ಅಂತ ತೀರ್ಮಾನ ಮಾಡ್ಬೇಡಿ.