ಬಳ್ಳಾರಿಯ ಬಿಸಿಲಿನಲ್ಲಿ ಸೀತಾಳೆ ದಂಡೆ

ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ ಆರ್ಕಿಡ್ ಅಲ್ಲಿ ಮಾವು, ಹಲಸಿನ ಕೊಂಬೆಗಳನ್ನು ಅಪ್ಪಿಕೊಂಡು ತಾನಾಗಿಯೇ ಬೆಳೆಯುತ್ತದೆ. ಮುಂಗಾರು ಕಾಲಿಡುವ ಹೊತ್ತಿಗೆ, ಸುಮಾರು ಒಂದು ಮೊಳ ಉದ್ದದ ತೂಗುವ ದಂಡೆಯಲ್ಲಿ ನೂರಕ್ಕೂ ಹೆಚ್ಚು ಸಣ್ಣ ಹೂಗಳು ಒತ್ತಾಗಿ ಅರಳುತ್ತವೆ. ಬಿಳಿಯ ಎಸಳುಗಳ ಮೇಲೆ ನೇರಳೆಗೆಂಪು ಚುಕ್ಕೆಗಳಿರುತ್ತವೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರಿಂಕೊಸ್ಟೈಲಿಸ್ ರೆಟುಸಾ. ಅಸ್ಸಾಮಿನಲ್ಲಿ ಇದೇ ಕೋಪೌ ಫೂಲ್. ಬಿಹು ಕುಣಿತದ ಹೆಣ್ಣುಮಕ್ಕಳು ತುರುಬಿಗೆ ಮುಡಿಯುವ ಈ ಹೂವು ಆ ರಾಜ್ಯದ ರಾಜ್ಯಪುಷ್ಪವೂ ಹೌದು.

ಇಂಥ ಗಿಡವನ್ನು ಬಳ್ಳಾರಿಯಲ್ಲಿ ಬೆಳೆಸುತ್ತೇನೆ ಎಂದಾಗ ಎಲ್ಲರೂ ಮೊದಲು ಹೇಳುವುದು ಬಿಸಿಲಿನ ಮಾತು. ನನ್ನ ಅನುಭವದಲ್ಲಿ ಬಿಸಿಲಿಗಿಂತ ದೊಡ್ಡ ವೈರಿಗಳು ಎರಡು: ಬೇಸಿಗೆಯ ಒಣಗಾಳಿ ಮತ್ತು ಬೋರಿನ ಉಪ್ಪುನೀರು. ಬಿಸಿಲಿಗೆ ಪರದೆ ಕಟ್ಟಬಹುದು, ಆದರೆ ಈ ಎರಡನ್ನು ಮೊದಲೇ ಅರಿತುಕೊಳ್ಳದೆ ಗಿಡ ತಂದರೆ ಅದು ಒಂದು ಬೇಸಿಗೆಯನ್ನೂ ದಾಟುವುದಿಲ್ಲ.

ಗಿಡವನ್ನು ನರ್ಸರಿಯಿಂದಲೇ ಕೊಳ್ಳಬೇಕು. ಆರ್ಕಿಡ್ ಕುಟುಂಬದ ಸಸ್ಯಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಅದಲ್ಲದೆ ಕಾಡಿನ ಮರದಿಂದ ಕಿತ್ತು ತಂದ ಗಿಡದ ಬೇರುಗಳು ಹರಿದಿರುವುದರಿಂದ ಅದು ಬದುಕಿಕೊಳ್ಳುವುದೇ ಕಷ್ಟ. ಕೊಳ್ಳುವಾಗ ಎಲೆಗಿಂತ ಬೇರನ್ನು ನೋಡಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗಟ್ಟಿಯಾಗಿರುವ, ತುದಿ ಹಸಿರಾಗಿರುವ ನಾಲ್ಕೈದು ಬೇರುಗಳಿದ್ದರೆ ಗಿಡ ಆರೋಗ್ಯವಾಗಿದೆ ಎಂದರ್ಥ.

ನಮ್ಮ ಮನೆಗೆ ಬಂದವರು "ಮಣ್ಣಿಲ್ದ ಹೆಂಗ ಬದುಕ್ತೈತ್ರಿ ಇದು?" ಎಂದು ಕೇಳುವುದುಂಟು. ಈ ಗಿಡದ ಬೇರುಗಳ ಮೇಲೆ ಸ್ಪಂಜಿನಂಥ ಬಿಳಿಯ ಹೊದಿಕೆಯಿದ್ದು, ಅದು ಮಳೆನೀರನ್ನು ಕ್ಷಣದಲ್ಲಿ ಹೀರಿ ಹಿಡಿದಿಡುತ್ತದೆ. ಮಣ್ಣಿನಲ್ಲಿ ಹೂತರೆ ಗಾಳಿಯಾಡದೆ ಕೊಳೆಯುತ್ತದೆ. ಆದ್ದರಿಂದ ಮರದ ಪಟ್ಟಿಗಳ ಬುಟ್ಟಿಯೇ ಇದಕ್ಕೆ ಸರಿ. ಮಲೆನಾಡಿನಲ್ಲಿ ಬುಟ್ಟಿ ಖಾಲಿ ಇದ್ದರೂ ನಡೆಯುತ್ತದೆ. ನಮ್ಮಲ್ಲಿ ಹಾಗೆ ಬಿಟ್ಟರೆ ಬೆಳಿಗ್ಗೆ ಹಾಕಿದ ನೀರು ಹತ್ತು ಗಂಟೆ ಹೊಡೆಯುವುದರೊಳಗೆ ಆರಿಹೋಗುತ್ತದೆ. ಹಾಗಾಗಿ ಅಡಿಗೆ ದೊಡ್ಡ ಇದ್ದಿಲ ತುಂಡುಗಳನ್ನು ಹಾಕಿ, ಮೇಲೆ ಮೂರು ನಾಲ್ಕು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ಕಳೆದ ತೆಂಗಿನ ಸಿಪ್ಪೆಯ ತುಂಡುಗಳನ್ನು ಸಡಿಲವಾಗಿ ಇಡಬೇಕು. ಅಡುಗೆಮನೆಯ ಬೂದಿ ಮೆತ್ತಿದ ಇದ್ದಿಲನ್ನು ತೊಳೆಯದೆ ಬಳಸಬಾರದು.

ಇನ್ನು ನೀರಿನ ವಿಷಯ. ನನ್ನ ಮೊದಲ ಗಿಡ ಸತ್ತದ್ದು ನನ್ನ ಅಕ್ಕರೆಯಿಂದಲೇ. ದಿನವೂ ತಪ್ಪದೆ ಬೋರಿನ ನೀರು ಹಾಕಿದೆ. ಎರಡು ತಿಂಗಳಲ್ಲಿ ಬೇರಿನ ತುದಿಗಳು ಕಪ್ಪಾಗಿ, ಇದ್ದಿಲ ಮೇಲೆ ಬಿಳಿಯ ಉಪ್ಪಿನ ಪೊರೆ ಕಟ್ಟಿತು. ಬಳ್ಳಾರಿ, ರಾಯಚೂರು, ಕೊಪ್ಪಳದ ಅನೇಕ ಕಡೆ ಬೋರಿನ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ ಹೆಚ್ಚು. ಟಿಡಿಎಸ್ ಮೀಟರ್ ಎಂಬ ಪೆನ್ನಿನಂಥ ಸಣ್ಣ ಉಪಕರಣದಿಂದ ಅದನ್ನು ಮನೆಯಲ್ಲೇ ಅಳೆಯಬಹುದು. ಲೀಟರಿಗೆ 200 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಈ ಗಿಡಕ್ಕೆ ಧಾರಾಳವಾಗಿ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ನೂರು ಚದರ ಅಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 90 ಲೀಟರ್ ನೀರಾಗುತ್ತದೆ. ಮುಚ್ಚಳವಿರುವ ಡ್ರಮ್ಮಿನಲ್ಲಿ ಅದನ್ನು ತುಂಬಿಟ್ಟುಕೊಂಡರೆ ಒಂದೆರಡು ಗಿಡಗಳಿಗೆ ಬಹಳ ದಿನ ಬರುತ್ತದೆ. ಆರ್‌ಓ ಯಂತ್ರದ ಕುಡಿಯುವ ನೀರು ಆದೀತು, ಆದರೆ ಅದು ಹೊರಹಾಕುವ ನೀರಿನಲ್ಲಿ ಲವಣ ಇನ್ನಷ್ಟು ಗಟ್ಟಿಯಾಗಿರುವುದರಿಂದ ಅದು ವಿಷವೇ. ಕೂಲರ್ ತೊಟ್ಟಿಯಲ್ಲಿ ಉಳಿದ ನೀರಿನ ಕಥೆಯೂ ಅಷ್ಟೆ.

ನೀರು ಹಾಕುವ ಸಮಯವನ್ನು ಬೇರಿನ ಬಣ್ಣವೇ ಹೇಳುತ್ತದೆ. ನೆನೆದ ಬೇರು ಹಸಿರು, ಆರಿದ ಬೇರು ಬೆಳ್ಳಿಬಣ್ಣ. ಬೆಳಿಗ್ಗೆ ಬುಟ್ಟಿಯನ್ನು ಬಕೆಟ್ಟಿನಲ್ಲಿ ಹತ್ತು ಹದಿನೈದು ನಿಮಿಷ ಅದ್ದಿ, ನೀರು ಬಸಿದ ಮೇಲೆ ತೂಗುಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯೂ ಒಮ್ಮೆ ಬೇರುಗಳ ಮೇಲೆ ತುಂತುರು ಬೇಕಾಗುತ್ತದೆ. ಎಲೆಗಳ ನಡುವಿನ ಸುಳಿಯಲ್ಲಿ ಮಾತ್ರ ರಾತ್ರಿ ನೀರು ನಿಲ್ಲಬಾರದು. ನಿಂತರೆ ಸುಳಿ ಕೊಳೆಯುತ್ತದೆ, ಒಂದೇ ಸುಳಿಯಿಂದ ಮೇಲಕ್ಕೆ ಬೆಳೆಯುವ ಈ ಗಿಡಕ್ಕೆ ಬಹುಮಟ್ಟಿಗೆ ಅದೇ ಕೊನೆ.

ಬೇಸಿಗೆಯ ಮಧ್ಯಾಹ್ನ ಇಲ್ಲಿಯ ಗಾಳಿಯ ತೇವಾಂಶ ಶೇ. 30ಕ್ಕಿಂತಲೂ ಕೆಳಗಿಳಿಯುತ್ತದೆ, ಗಿಡ ಬಯಸುವುದು ಅದರ ಎರಡರಷ್ಟು. ಈ ಕೊರತೆಯನ್ನು ಪೂರ್ತಿ ನೀಗಿಸಲಾಗದಿದ್ದರೂ ತಗ್ಗಿಸಬಹುದು. ಪೂರ್ವದ ಪಡಸಾಲೆಯಲ್ಲಿ ಬುಟ್ಟಿ ತೂಗುಹಾಕಿ, ಪಶ್ಚಿಮದ ಕಡೆಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು, ಕೆಳಗೆ ಅಗಲ ಬಾಯಿಯ ನೀರಿನ ತೊಟ್ಟಿ ಇಟ್ಟು, ಸುತ್ತ ಎಲೆ ದಟ್ಟವಾದ ಕುಂಡಗಳನ್ನು ಗುಂಪಾಗಿ ಜೋಡಿಸಿದರೆ ಬಿಸಿಗಾಳಿ ನೇರವಾಗಿ ತಾಕುವುದಿಲ್ಲ. ತೆರೆದ ಮಾಳಿಗೆಯ ಮೇಲಾದರೆ ಫೆಬ್ರವರಿಯಿಂದ ಜೂನ್‌ವರೆಗೆ ಶೇ. 75 ನೆರಳಿನ ಪರದೆ, ಉಳಿದ ಕಾಲಕ್ಕೆ ಶೇ. 50ರದ್ದು. ಬೇವಿನ ಮರದ ನೆರಳನ್ನು ನಂಬಿದವರು ಎಚ್ಚರವಾಗಿರಬೇಕು: ಬಿಸಿಲು ಬಲಿಯುವ ಫೆಬ್ರವರಿ, ಮಾರ್ಚಿನಲ್ಲೇ ಬೇವು ಎಲೆ ಉದುರಿಸುತ್ತದೆ, ಆ ಕೆಲವು ವಾರಗಳಲ್ಲಿ ಸೀತಾಳೆಯ ಎಲೆಗಳ ಮೇಲೆ ಬಿಳಿಚಿದ ಸುಟ್ಟ ಕಲೆಗಳೆದ್ದರೆ ಅವು ಮತ್ತೆ ಹಸಿರಾಗುವುದಿಲ್ಲ.

ಗೊಬ್ಬರ ಹೆಚ್ಚೇನೂ ಬೇಡ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಬೆರೆಸಿ, ಹೊಸ ಬೇರು ಓಡುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೇರು ನೆನೆದ ಮೇಲೆಯೇ ಸಿಂಪಡಿಸಿ. ನಡುವೆ ಬರಿಯ ಮಳೆನೀರಿನಿಂದ ಬುಟ್ಟಿಯನ್ನು ತೊಳೆಯುತ್ತಿರಿ. ಒಣಗಾಳಿಯಲ್ಲಿ ಎಲೆಯಡಿ ಕೆಂಪು ನುಸಿ ಕೂರುತ್ತದೆ. ಗಣಿ ರಸ್ತೆಗಳ ಹತ್ತಿರ ಮನೆಯಿದ್ದವರಿಗೆ ಕೆಂಪು ಧೂಳಿನ ಕಾಟ ಬೇರೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿದರೆ ಎರಡೂ ಹತೋಟಿಗೆ ಬರುತ್ತವೆ.

ಡಿಸೆಂಬರ್, ಜನವರಿಯಲ್ಲಿ ನೀರನ್ನು ಎರಡು ಮೂರು ದಿನಕ್ಕೊಮ್ಮೆಗೆ ಇಳಿಸಿ, ಗೊಬ್ಬರ ನಿಲ್ಲಿಸಿ, ಬೆಳಕು ಹೆಚ್ಚು ಸಿಗುವಂತೆ ಮಾಡಬೇಕು. ಈ ವಿಶ್ರಾಂತಿ ತಪ್ಪಿದರೆ ಎಲೆ ಸೊಂಪಾಗಿ ಬೆಳೆದೀತು, ಹೂವು ಬರುವುದು ಅನುಮಾನ. ಬೇಸಿಗೆಯಲ್ಲಿ ಎಲೆಯ ಕಂಕುಳಿನಿಂದ ದಂಡೆ ಹೊರಟ ಮೇಲೆ ಬುಟ್ಟಿಯನ್ನು ತಿರುಗಿಸಬೇಡಿ, ಮೊಗ್ಗಿನ ಮೇಲೆ ಬಿಸಿಗಾಳಿ ಹಾಯಲು ಬಿಡಬೇಡಿ. ಇಲ್ಲಿ ಮೊಗ್ಗು ಉದುರುವುದು ಹೆಚ್ಚಾಗಿ ಅದರಿಂದಲೇ. ಅರಳಿದ ಹೂ ಎರಡು ಮೂರು ವಾರ ನಿಲ್ಲುತ್ತದೆ.

ಮರಕ್ಕೆ ಕಟ್ಟಬೇಕೆನ್ನುವವರು ಮಲೆನಾಡಿನಂತೆ ಜೂನ್ ತಿಂಗಳನ್ನು ನಂಬದೆ, ನಮ್ಮಲ್ಲಿ ಮಳೆ ಕೂಡಿಬರುವ ಆಗಸ್ಟ್, ಸೆಪ್ಟೆಂಬರಿಗೆ ಕಾಯುವುದು ಲೇಸು. ಬುಟ್ಟಿ ಚಿಕ್ಕದಾದಾಗ ಪಟ್ಟಿಗಳಿಗೆ ಅಂಟಿದ ಬೇರನ್ನು ಕೀಳುವ ಗೊಡವೆಗೆ ಹೋಗದೆ, ಹಳೆಯ ಬುಟ್ಟಿಯನ್ನು ಹಾಗೆಯೇ ದೊಡ್ಡ ಬುಟ್ಟಿಯೊಳಗಿಟ್ಟು, ಸುತ್ತ ನಾಲ್ಕಾರು ಇದ್ದಿಲ ತುಂಡುಗಳನ್ನು ಹಾಕಿ ಮತ್ತೆ ತೂಗುಬಿಡಿ.